ಬೀದರ್‌ಗೆ ಒಂದು ಟೂರಿಸಂ ಪೋಸ್ಟರ್: ಮಣ್ಣು, ಫಾಯಿಲ್, ಬಣ್ಣದ ಕಾಗದ ಸೇರಿಸಿ ನಾನು ಮಾಡಿದ ರೀತಿ

ಆರ್ಟ್ ಕಾಲೇಜಲ್ಲಿ ಓದೋರಿಗೆ ಈ ಅಸೈನ್‌ಮೆಂಟ್ ಒಂದಲ್ಲ ಒಂದು ಸೆಮಿಸ್ಟರ್‌ನಲ್ಲಿ ಬಂದೇ ಬರತ್ತೆ, ಒಂದು ಊರನ್ನ ಆರಿಸ್ಕೊಂಡು ಮಿಕ್ಸೆಡ್ ಮೀಡಿಯಾದಲ್ಲಿ, ಅಂದ್ರೆ ಬೇರೆ ಬೇರೆ ಥರದ ವಸ್ತು ಸೇರಿಸಿ, ಟೂರಿಸಂ ಪೋಸ್ಟರ್ ಮಾಡಿ, ಜೊತೆಗೆ ಯಾಕೆ ಹೀಗೆ ಮಾಡಿದ್ರಿ ಅಂತ ಒಂದು ರಿಫ್ಲೆಕ್ಷನ್ ಬರೆದು ಕೊಡಿ ಅಂತ. ನಾನು ಬೀದರ್ ತಗೊಂಡೆ. ಅದನ್ನ ಮಾಡ್ತಾ ಮಾಡ್ತಾ ನಂಗೆ ಖಾತ್ರಿ ಆಗಿದ್ದು ಒಂದೇ ವಿಷಯ, ಪೋಸ್ಟರ್ ಮೇಲೆ ನೀವು ಅಂಟಿಸೋ ಪ್ರತಿ ವಸ್ತುಗೂ ಆ ಊರಿನ ಜೊತೆ ಏನಾದ್ರೂ ನಂಟಿರ್ಬೇಕು, ಮಣ್ಣು ಹಾಕಿದ್ರೆ ಯಾಕೆ ಮಣ್ಣು, ಬೆಳ್ಳಿ ಬಣ್ಣ ಹಾಕಿದ್ರೆ ಯಾಕೆ ಬೆಳ್ಳಿ ಅಂತ ಕೇಳಿದ ತಕ್ಷಣ ಹೇಳೋಕೆ ಬರ್ಬೇಕು. ಅಷ್ಟು ಸಿಕ್ಕಿಬಿಟ್ರೆ ಡಿಸೈನು, ಬಣ್ಣ, ಕೊನೆಗೆ ಆ ರಿಫ್ಲೆಕ್ಷನ್ ಕೂಡ ತಾವಾಗೇ ಒಂದು ದಾರಿಗೆ ಬರ್ತವೆ. ಅದಕ್ಕೇ ಪೂರ್ತಿ ಕೆಲಸ ಶುರುವಿಂದ ಬರೀತಿದೀನಿ, ಯಾರಿಗಾದ್ರೂ ಉಪಯೋಗ ಆಗ್ಲಿ.

ಮೊದಲು ಊರು ಆರಿಸೋದು

ಫೇಮಸ್ ಊರು ಅಂತ ನೋಡ್ಬೇಡಿ, ಆ ಊರಿಗೆ ಅದರದ್ದೇ ಆದ ಎರಡು ಮೂರು ವಸ್ತು ಇದೆಯಾ ಅಂತ ನೋಡಿ. ಚನ್ನಪಟ್ಟಣ ಆದ್ರೆ ಆಲೆ ಮರ, ಅರಗು. ಇಳಕಲ್ ಆದ್ರೆ ದಾರ, ಟೋಪ್ ತೆನಿ ಸೆರಗು. ಮಂಗಳೂರಾದ್ರೆ ಹಂಚು. ಬೀದರ್‌ನಲ್ಲಿ ನಂಗೆ ಕಾಣಿಸಿದ್ದು ನಾಲ್ಕು, ಕೆಂಪು ಜಂಬಿಟ್ಟಿಗೆ ಕಲ್ಲು, ಬಿದ್ರಿಯ (ಕಪ್ಪು ಲೋಹದೊಳಗೆ ಬೆಳ್ಳಿ ಕೂರಿಸೋ ಇಲ್ಲಿನ ಕೈಕೆಲಸ) ಕಪ್ಪು, ಅದರೊಳಗಿನ ಬೆಳ್ಳಿ, ಮದರಸಾ ಗೋಡೆಯ ನೀಲಿ ಟೈಲ್ಸು. ಕೆಂಪು ಕಪ್ಪು ಬೆಳ್ಳಿ ನೀಲಿ, ಅಲ್ಲಿಗೆ ಕಲರ್ ಪ್ಯಾಲೆಟ್ ರೆಡಿ, ಇಂಟರ್ನೆಟ್‌ನಲ್ಲಿ ಪ್ಯಾಲೆಟ್ ಹುಡುಕೋ ಕೆಲಸಾನೇ ಉಳಿಯಲ್ಲ.

ಊರಿನ ಬಗ್ಗೆ ಓದ್ಕೊಳ್ಳೋದನ್ನ ಮಾತ್ರ ಬಿಡ್ಬೇಡಿ. ಬಹಮನಿ ಸುಲ್ತಾನರು 15ನೇ ಶತಮಾನದಲ್ಲಿ, ಅಹ್ಮದ್ ಶಾಹನ ಕಾಲಕ್ಕೆ, ರಾಜಧಾನಿಯನ್ನ ಕಲಬುರಗಿಯಿಂದ ಬೀದರ್‌ಗೆ ತಂದ್ರು. ಪರ್ಶಿಯಾ ಕಡೆಯಿಂದ ಬಂದು ಇಲ್ಲಿ ಪ್ರಧಾನಮಂತ್ರಿ ಆದ ಮಹಮೂದ್ ಗವಾನ್ 1472ರಲ್ಲಿ ಮದರಸಾ ಕಟ್ಟಿಸಿದ, ಮೂರು ಅಂತಸ್ತು, ಲೈಬ್ರರಿ, ಓದೋ ಹುಡುಗ್ರಿಗೆ ಇರೋಕೆ ಕೋಣೆ ಎಲ್ಲ ಇತ್ತು, ದೂರದೂರದಿಂದ ಪಂಡಿತರು ಬರ್ತಿದ್ರು. ಅದೇ ಗವಾನನಿಗೆ 1481ರಲ್ಲಿ ಸುಲ್ತಾನನೇ ಮರಣದಂಡನೆ ಕೊಟ್ಟ. ಆಮೇಲೆ 17ನೇ ಶತಮಾನದ ಕೊನೇಲಿ ಮದರಸಾದ ಒಂದು ಭಾಗ ಬಿದ್ದೋಯ್ತು, ಸಿಡಿಲು ಬಡೀತು ಅಂತ ಒಂದು ಮಾತು, ಒಳಗೆ ಇಟ್ಟಿದ್ದ ಮದ್ದು ಸಿಡೀತು ಅಂತ ಇನ್ನೊಂದು ಮಾತು. ಕಟ್ಟಡದ ಮುಂಭಾಗದಲ್ಲಿ ಎರಡು ಮಿನಾರ್ ಇದ್ದಿದ್ದು ಈಗ ನಿಂತಿರೋದು ಒಂದೇ. ಇದು ಗೊತ್ತಾದ ಮೇಲೆ ಆ ಒಂಟಿ ಮಿನಾರ್ ನೋಡೋ ಕಣ್ಣೇ ಬೇರೆ ಆಗತ್ತೆ, ನನ್ನ ಪೋಸ್ಟರ್‌ನ ಲೇಔಟ್ ಹುಟ್ಟಿದ್ದೂ ಅಲ್ಲಿಂದಾನೇ.

ಹೋಗಿ ನೋಡ್ಬೇಕು, ಫೋಟೋ ಡೌನ್‌ಲೋಡ್ ಸಾಲಲ್ಲ

ಬೆಂಗಳೂರಿಂದ ದೂರ, ಸುಮಾರು 700 ಕಿಲೋಮೀಟರ್, ನಿಜ. ಆದ್ರೆ ರಾತ್ರಿ ಬಸ್ಸು ಟ್ರೇನು ಎರಡೂ ಇವೆ, 2017ರಲ್ಲಿ ಕಲಬುರಗಿ–ಬೀದರ್ ಲೈನ್ ಆದ್ಮೇಲೆ ಇನ್ನೂ ಸುಲಭ ಆಗಿದೆ, ಹೈದರಾಬಾದಿಂದ ಆದ್ರೆ ಬರೀ 140 ಕಿಲೋಮೀಟರ್ ಅಂದಾಜು. ಹೋದಾಗ ಸ್ಕೆಚ್ ಬುಕ್ಕು, ಒಂದು ಚಿಕ್ಕ ವಾಟರ್ ಕಲರ್ ಸೆಟ್ಟು, ಫೋನು ಇದ್ರೆ ಸಾಕು. ಬಣ್ಣಾನ ಅಲ್ಲೇ ನಿಂತು ಹಚ್ಚಿ ನೋಟ್ ಮಾಡ್ಕೊಳ್ಳಿ, ಯಾಕಂದ್ರೆ ಫೋನ್ ಕ್ಯಾಮೆರಾ ಜಂಬಿಟ್ಟಿಗೆ ಕೆಂಪನ್ನ ಒಂದೋ ಕಿತ್ತಳೆ ಮಾಡತ್ತೆ ಇಲ್ಲಾ ಕಂದು ಮಾಡತ್ತೆ, ಬೆಳಿಗ್ಗೆ ಒಂದು ಥರ ಸಂಜೆ ಒಂದು ಥರ. ಕೋಟೆ, ಮದರಸಾ ಎಲ್ಲ ಎಎಸ್ಐ (ಕೇಂದ್ರ ಪುರಾತತ್ವ ಇಲಾಖೆ) ಕೆಳಗೆ ಬರೋ ಸ್ಮಾರಕಗಳು, ಟ್ರೈಪಾಡ್ ಇಡ್ಬೇಕಂದ್ರೆ ಮೊದಲೇ ಅನುಮತಿ ಕೇಳಿ. ಇನ್ನೊಂದು, ಗೋಡೆ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಟೆಕ್ಸ್ಚರ್ ತಗೊಳ್ಳೋದು ಕ್ಲಾಸಲ್ಲಿ ಹೇಳ್ಕೊಡ್ತಾರಲ್ಲ, ಅದನ್ನ ಸ್ಮಾರಕಗಳ ಮೇಲೆ ದಯವಿಟ್ಟು ಮಾಡ್ಬೇಡಿ, 500 ವರ್ಷ ಹಳೇ ಟೈಲ್ಸ್ ಅವು, ಬೆರಳು ತಾಗಿದ್ರೂ ಪುಡಿ ಉದುರೋ ಜಾಗ ಇವೆ. ಕ್ಲೋಸಪ್ ಫೋಟೋ ಸಾಕು.

ಹಳೇ ಊರಿನ ನಡುವೆ ಇರೋ ಚೌಬಾರಾ ಗೋಪುರದ ಸುತ್ತಮುತ್ತ ಬಿದ್ರಿ ಕೆಲಸದೋರ ಅಂಗಡಿಗಳಿವೆ, ಅಲ್ಲಿ ಕೂತು ನೋಡೋದಕ್ಕೆ ಟೈಮ್ ಇಟ್ಕೊಳ್ಳಿ, ನನ್ನ ಪ್ರಕಾರ ಇಡೀ ಪ್ರಾಜೆಕ್ಟ್‌ನಲ್ಲಿ ಅತಿ ಮುಖ್ಯ ಭಾಗ ಅದೇ. ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ಕರಗಿಸಿ ಮರಳಿನ ಅಚ್ಚಲ್ಲಿ ಎರಕ ಹೊಯ್ತಾರೆ. ಅರ ಹಾಕಿ ನಯ ಮಾಡಿದ್ಮೇಲೆ ಮೈಲುತುತ್ತದ ನೀರು ಸವರ್ತಾರೆ, ಆಗ ಮೇಲ್ಮೈ ತಾತ್ಕಾಲಿಕವಾಗಿ ಕಪ್ಪಾಗತ್ತೆ, ಕೊರೆದ ಗೆರೆ ಚೆನ್ನಾಗಿ ಕಾಣ್ಲಿ ಅಂತ. ಆಮೇಲೆ ಉಳಿಯಲ್ಲಿ ಕೈಯಿಂದಾನೇ ಬಳ್ಳಿ ಹೂವು ಕೊರೆದು, ಆ ಗೀರಿನೊಳಗೆ ಬೆಳ್ಳಿ ತಂತಿ ಇಟ್ಟು ಸಣ್ಣ ಸುತ್ತಿಗೇಲಿ ಟಕ್ ಟಕ್ ಅಂತ ಕೂರಿಸ್ತಾರೆ. ಉಜ್ಜಿ ಪಾಲಿಶ್ ಮಾಡಿದಾಗ ಎಲ್ಲಾನೂ ಬೆಳ್ಳಗೇ ಇರತ್ತೆ, ಡಿಸೈನೇ ಕಾಣಲ್ಲ. ಕೊನೇಲಿ ಕೋಟೆಯ ಹಳೇ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್), ನೀರು ಸೇರಿಸಿದ ಪೇಸ್ಟನ್ನ ಬಿಸಿ ಮಾಡಿದ ಪಾತ್ರೆ ಮೇಲೆ ಉಜ್ಜಿದ್ರೆ ಮೈ ಪೂರ್ತಿ ಕಡು ಕಪ್ಪಾಗಿ ಬೆಳ್ಳಿ ಮಾತ್ರ ಹಾಗೇ ಉಳ್ಕೊಳ್ಳತ್ತೆ, ಮೇಲೆ ಒಂದಿಷ್ಟು ಕೊಬ್ಬರಿ ಎಣ್ಣೆ. ಆ ಕ್ಷಣ ಕಣ್ಣಾರೆ ನೋಡ್ಬೇಕು.

ಒಬ್ರು ಹಿರಿಯ ಕುಶಲಕರ್ಮಿ ಹತ್ರ ಕೇಳ್ದೆ, "ಚಾಚಾ, ಬೇರೆ ಮಣ್ಣು ಹಾಕಿದ್ರೆ ಆಗಲ್ವಾ?" ಅಂತ.

"ಆಗಂಗಿಲ್ಲ ಬೇಟಿ. ಮಳಿ ಬಿಸಲ ಬೀಳದಿದ್ದ ಮಣ್ಣೇ ಬೇಕು. ನಾಲಿಗಿ ಮ್ಯಾಲ ಇಟ್ಟು ನೋಡ್ತೀವಿ, ರುಚಿ ಹೇಳ್ತದ ಬರ್ತದೋ ಇಲ್ಲೋ ಅಂತ" ಅಂದ್ರು.

ಈ ಒಂದು ಮಾತಿಂದ ಪೋಸ್ಟರ್‌ನ ತಳಪಾಯವೇ ನಂಗೆ ಸಿಕ್ತು, ಕೆಳಗೆ ಮಣ್ಣು, ಮೇಲೆ ಕಪ್ಪು, ಅದರಲ್ಲಿ ಬೆಳ್ಳಿ. ಬಿದ್ರಿಗೆ 2006ರಲ್ಲೇ ಜಿಐ ಟ್ಯಾಗ್ (ಇದು ಈ ಊರಿನದ್ದೇ ಅನ್ನೋ ಸರ್ಕಾರಿ ಗುರುತು) ಸಿಕ್ಕಿದೆ, 2023ರಲ್ಲಿ ಬೀದರ್‌ನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು, ಆದ್ರೂ ನಮ್ಮ ಕ್ಲಾಸಲ್ಲಿ ಬಿದ್ರಿ ಅಂದ್ರೆ ಏನು ಅಂತ ಕೇಳೋರು ಇದ್ರು, ಅದು ನಂಗೆ ನಿಜವಾಗ್ಲೂ ಬೇಜಾರಾಗಿತ್ತು, ಪೋಸ್ಟರ್ ಮಾಡೋಕೆ ಅದೂ ಒಂದು ಕಾರಣ.

ಏನು ಬಿಡ್ಬೇಕು ಅನ್ನೋದೇ ಕಷ್ಟ

ವಾಪಸ್ ಬಂದ್ಮೇಲೆ ನೋಡಿದ ಜಾಗ ಎಲ್ಲ ಒಂದು ಹಾಳೇಲಿ ಬರ್ಕೊಳ್ಳಿ. ರಂಗೀನ್ ಮಹಲ್‌ನಲ್ಲಿ ಕಪ್ಪು ಕಲ್ಲಲ್ಲಿ ಕೂರಿಸಿರೋ ಮುತ್ತಿನ ಚಿಪ್ಪು, ಸೋಲಾ ಕಂಬ ಮಸೀದಿ, ಅಷ್ಟೂರಿನ ಗುಂಬಜ್‌ಗಳು, ಅದ್ರಲ್ಲೂ ಅರ್ಧ ಒಡೆದು ನಿಂತಿರೋ ಹುಮಾಯೂನ್ ಬಹಮನಿಯ ಗೋರಿ, ಗುರುನಾನಕ್ ಝೀರಾ ಗುರುದ್ವಾರ, ನೀರಲ್ಲಿ ನಡ್ಕೊಂಡು ಹೋಗೋ ಝರಣಿ ನರಸಿಂಹ ಗುಹೆ, ನೌಬಾದ್‌ನ ಕರೇಜ್ ಅಂದ್ರೆ ನೆಲದಡಿಯ ನೀರಿನ ಸುರಂಗ. ಅಷ್ಟೂರಿನಲ್ಲಿ ಅಹ್ಮದ್ ಶಾ ವಲಿಯ ಉರುಸಿಗೆ ಜಂಗಮರು ಬರ್ತಾರೆ, ಹಿಂದೂ ಮುಸ್ಲಿಂ ಇಬ್ರೂ ನಡ್ಕೊಳ್ಳೋ ಜಾಗ ಅದು, ಅದೊಂದೇ ಇನ್ನೊಂದು ಪೋಸ್ಟರ್ ಆಗೋವಷ್ಟು ದೊಡ್ಡ ವಿಷಯ. ಎಲ್ಲ ಹಾಕ್ಬೇಕು ಅನ್ಸತ್ತೆ. ಹಾಕ್ಬೇಡಿ. ಬಸ್‌ಸ್ಟ್ಯಾಂಡ್ ಗೋಡೆ ಮೇಲೆ ಇರೋ ಪೋಸ್ಟರ್‌ನ ಜನ ನಡ್ಕೊಂಡು ಹೋಗ್ತಾ ಒಂದು ಸಲ ನೋಡ್ತಾರೆ, ಎಂಟು ರೌಂಡ್ ಫೋಟೋ ಅಂಟಿಸಿದ್ರೆ ಒಂದೂ ನೆನಪಿರಲ್ಲ.

ನಾನು ಉಳಿಸ್ಕೊಂಡಿದ್ದು ಮಿನಾರ್ ಒಂದು, ಬಿದ್ರಿ ಬಳ್ಳಿ ಒಂದು. ಮಿನಾರ್ ಎಡಗಡೆ ನೇರ ನಿಂತಿದೆ, ಬಲಗಡೆ ಎರಡನೇ ಮಿನಾರ್ ಇರ್ಬೇಕಾಗಿದ್ದ ಜಾಗದಲ್ಲಿ ಕಪ್ಪು ಖಾಲಿ, ಅಲ್ಲಿ ಬೆಳ್ಳಿ ಬಳ್ಳಿ ಮಾತ್ರ ಅದೇ ಎತ್ತರಕ್ಕೆ ಏರತ್ತೆ. ಕಲ್ಲಲ್ಲಿ ಬಿದ್ದಿದ್ದು ಕುಶಲಕರ್ಮಿಗಳ ಕೈಯಲ್ಲಿ ಇನ್ನೂ ನಿಂತಿದೆ ಅಂತ ಹೇಳೋದು ನನ್ನ ಆಸೆ. ಇದನ್ನ ಫೈನಲ್ ಮಾಡೋ ಮೊದಲು ಬೆಂಕಿಪಟ್ಟಣದಷ್ಟು ಚಿಕ್ಕ ಚೌಕಗಳಲ್ಲಿ ಬೇರೆ ಬೇರೆ ಥರ ಸ್ಕೆಚ್ ಹಾಕಿ ನೋಡಿ, ಅಷ್ಟು ಚಿಕ್ಕದ್ರಲ್ಲೂ ಓದೋಕೆ ಬಂದ್ರೆ ಆ ಲೇಔಟ್ ಗಟ್ಟಿ.

ಈಗ ಕೈ ಕೆಲಸ

ಬೇಸ್‌ಗೆ ಎ2 ಸೈಜಿನ, ಅಂದ್ರೆ 42 × 59.4 ಸೆಂಟಿಮೀಟರ್, 2 ಎಂಎಂ ದಪ್ಪದ ಮೌಂಟ್ ಬೋರ್ಡ್ ತಗೊಳ್ಳಿ. ಡ್ರಾಯಿಂಗ್ ಶೀಟ್ ಬೇಡ, ಮಣ್ಣು ಹಚ್ಚಿದ ತಕ್ಷಣ ಹಪ್ಪಳ ಆಗತ್ತೆ. ಮೌಂಟ್ ಬೋರ್ಡೂ ಒಂದೇ ಕಡೆ ಒದ್ದೆಯಾದ್ರೆ ಬಾಗತ್ತೆ, ಅದಕ್ಕೆ ಹಿಂದುಗಡೆನೂ ನೀರು ಬೆರೆಸಿದ ಫೆವಿಕಾಲ್ ಒಂದು ಕೋಟ್ ಹೊಡೆದು ಒಣಗಿಸಿ, ಎರಡೂ ಕಡೆ ಎಳೆತ ಸಮ ಆಗಿ ನೆಟ್ಟಗೆ ಕೂರತ್ತೆ.

ಮಣ್ಣು. ಕೋಟೆ ಒಳಗಿಂದ ಒಂದು ಚಮಚನೂ ತರಬಾರದು, ಸಂರಕ್ಷಿತ ಜಾಗ ಅದು. ಊರ ಹೊರಗೆ ಯಾರದ್ದಾದ್ರೂ ಹೊಲದಲ್ಲಿ ಕೇಳಿ ಒಂದು ಡಬ್ಬಿ ತಗೊಂಡ್ರೆ ಆಯ್ತು, ಇಲ್ಲಾಂದ್ರೆ ನರ್ಸರಿ ಕೆಮ್ಮಣ್ಣೂ ನಡೆಯತ್ತೆ, ಆದ್ರೆ ಆಗ ರಿಫ್ಲೆಕ್ಷನ್‌ನಲ್ಲಿ ಬೀದರ್ ಮಣ್ಣು ಅಂತ ಬರೀಬೇಡಿ. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಕುಟ್ಟಿ, ಮೊದಲು ಹಿಟ್ಟಿನ ಜರಡಿಯಲ್ಲಿ, ಆಮೇಲೆ ಹಳೇ ಕಾಟನ್ ಬಟ್ಟೇಲಿ ಸೋಸಿ. ಬಟ್ಟೇಲಿ ಇಳಿದ ನುಣ್ಣನೆ ಪುಡಿ ಒಂದು ಡಬ್ಬಿಗೆ, ಜರಡಿಯಲ್ಲಿ ಉಳಿದ ರವೆ ಥರದ್ದು ಇನ್ನೊಂದಕ್ಕೆ, ಎರಡೂ ಬೇಕು. ಎರಡು ಪಾಲು ನುಣ್ಣನೆ ಮಣ್ಣಿಗೆ ಒಂದು ಪಾಲು ಫೆವಿಕಾಲ್, ನೀರು ದೋಸೆ ಹಿಟ್ಟಿನ ಹದ ಬರೋವರೆಗೆ. ಅಗಲ ಬ್ರಶ್‌ನಲ್ಲಿ ತೆಳ್ಳಗೆ ಒಂದು ಕೋಟ್, ಒಣಗಿದ ಮೇಲೆ ಇನ್ನೊಂದು, ಒಂದೇ ಸಲ ದಪ್ಪ ಬಳಿದ್ರೆ ಕೆರೆ ಒಣಗಿದ ಹಾಗೆ ಸೀಳು ಬಿಡತ್ತೆ. ಮಿನಾರ್ ಬರೋ ಜಾಗಕ್ಕೆ ಮಾತ್ರ ಆ ರವೆ ಮಣ್ಣು ಸೇರಿಸಿ ಪ್ಯಾಲೆಟ್ ನೈಫಲ್ಲಿ ಒತ್ತಿ, ಜಂಬಿಟ್ಟಿಗೆಯ ತೂತು ತೂತು ಮೈ ಬರೋಕೆ ಟೂತ್‌ಬ್ರಶ್ ತುದಿಯಿಂದ ಕುಕ್ಕಿ. ಫೆವಿಕಾಲ್ ಸೇರಿದ ಮಣ್ಣು ಒಣಗಿದ್ಮೇಲೂ ಮೊದಲಿಗಿಂತ ಸ್ವಲ್ಪ ಗಾಢನೇ ಉಳಿಯತ್ತೆ, ಸ್ಕೆಚ್ ಬುಕ್ಕಲ್ಲಿ ಹಚ್ಕೊಂಡು ಬಂದ ಬಣ್ಣದ ಪಕ್ಕ ಇಟ್ಟು ನೋಡಿ, ಜಾಸ್ತಿ ಕಪ್ಪಾಗಿದ್ರೆ ಮುಂದಿನ ಕೋಟಿಗೆ ಒಂಚೂರು ಕಾವಿ ಪುಡಿ ಸೇರಿಸಿ.

ಕಪ್ಪು ಭಾಗಕ್ಕೆ ಬೇರೆ ಒಂದು ಕಪ್ಪು ಮೌಂಟ್ ಬೋರ್ಡ್ ಕತ್ತರಿಸಿ ಮಣ್ಣಿನ ಮೇಲೆ ಅಂಟಿಸ್ಬೇಕು. ಅಂಟಿಸೋ ಮೊದಲೇ ಬೆಳ್ಳಿ ಕೆಲಸ ಮುಗಿಸಿ. ಫಾಯಿಲ್ ಕತ್ತರಿಸಿ ಮೇಲೆ ಅಂಟಿಸೋದು ಎಲ್ರೂ ಮಾಡೋದು, ಅದು ಮದುವೆ ಕಾರ್ಡ್ ಥರ ಕಾಣತ್ತೆ. ಬಿದ್ರಿಯಲ್ಲಿ ಬೆಳ್ಳಿ ಮೇಲೆ ಕೂತಿರಲ್ಲ, ಒಳಗೆ ಕೂತಿರತ್ತೆ, ಕೈ ಆಡಿಸಿದ್ರೆ ಏರು ತಗ್ಗು ಸಿಗಲ್ಲ. ಪೋಸ್ಟರ್‌ನಲ್ಲೂ ಅದನ್ನೇ ಮಾಡೋಕೆ ಬರತ್ತೆ. ಬಳ್ಳಿಯ ಎಲೆ ಹೂವು ಟ್ರೇಸ್ ಮಾಡ್ಕೊಂಡು, ಹೊಸ ಬ್ಲೇಡ್ ಹಾಕಿದ ಕಟ್ಟರ್‌ನಲ್ಲಿ ಬೋರ್ಡಿನ ಅರ್ಧ ದಪ್ಪಕ್ಕೆ ಮಾತ್ರ ಗೆರೆ ಕೊಯ್ದು, ಮೇಲಿನ ಪದರ ಚಿಮುಟದಲ್ಲಿ ಎಬ್ಬಿಸಿ ತೆಗೀರಿ, ಅಲ್ಲೊಂದು ಹಳ್ಳ ಸಿಗತ್ತೆ. ಅದೇ ಆಕಾರದ ಲೋಹದ ತುಂಡು ಕತ್ತರಿಸಿ ಆ ಹಳ್ಳಕ್ಕೆ ಕೂರಿಸಿ, ಮೇಲೆ ಬಟರ್ ಪೇಪರ್ ಇಟ್ಟು ಚಮಚದ ಬೆನ್ನಿಂದ ಉಜ್ಜಿ. ಅಡುಗೆಮನೆ ಫಾಯಿಲ್ ಇದಕ್ಕೆ ತೀರಾ ತೆಳು, ಹರಿಯತ್ತೆ, ಹೋಟೆಲ್ ಪಾರ್ಸೆಲ್ ಬರೋ ಅಲ್ಯೂಮಿನಿಯಂ ಡಬ್ಬಿಯ ತಳ ಸರಿಯಾದ ದಪ್ಪ ಇರತ್ತೆ, ತೊಳೆದು ಸಪಾಟು ಮಾಡ್ಕೊಳ್ಳಿ, ಅಂಚು ಬೆರಳು ಕೊಯ್ಯತ್ತೆ ಹುಷಾರು. ಎಲೆಯ ನರಗಳಿಗೆ ಇಂಕ್ ಖಾಲಿ ಆದ ಬಾಲ್‌ಪೆನ್ನಿಂದ ಹಳೇ ಪೇಪರ್ ಮೇಲಿಟ್ಟು ಒತ್ತಿ ಗೀರಿದ್ರೆ ಸಾಕು. ಬಳ್ಳಿಯ ದಂಟಿಗೆ ಕ್ರಾಫ್ಟ್ ಅಂಗಡಿಯ ತೆಳು ಸಿಲ್ವರ್ ವೈರ್, ಬೋರ್ಡ್ ಮೇಲೆ ಗೀರು ಹಾಕಿ ಅದರೊಳಗೆ ಒತ್ತಿ. ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯೋದು ಇದೇ, ಕತ್ತು ನೋಯತ್ತೆ, ಆದ್ರೆ ಪೋಸ್ಟರ್ ಎದುರು ನಿಂತೋರು ಮುಟ್ಟಿ ನೋಡೋಕೆ ಕೈ ಚಾಚೋದೂ ಇದಕ್ಕೇ.

ನಿಜವಾದ ಬಿದ್ರಿ ಥರಾನೇ ನವಸಾಗರ ಬಿಸಿ ಮಾಡಿ ಪ್ರಯೋಗ ಮಾಡೋಣ ಅಂತ ಯಾರಾದ್ರೂ ಅನ್ಕೊಂಡ್ರೆ ಹಾಸ್ಟೆಲ್ ರೂಮಲ್ಲಿ ಬೇಡ, ಅದರ ಹೊಗೆ ಒಳ್ಳೇದಲ್ಲ.

ಟೈಲ್ಸ್‌ಗೆ ಪೇಂಟ್ ಮಾಡಿದ ಕಾಗದಾನೇ ಚೆಂದ. ದಪ್ಪ ಕಾಗದಕ್ಕೆ ನೀಲಿ, ಹಳದಿ, ಬಿಳಿ, ಸ್ವಲ್ಪ ಹಸಿರು ಅಕ್ರಿಲಿಕ್ ಬಳೀರಿ, ನೀಲಿ ಒಂದೇ ಥರ ಇರೋದು ಬೇಡ, ಅಲ್ಟ್ರಾಮರೀನ್‌ಗೆ ಒಂದೊಂದ್ಸಲ ಬಿಳಿ, ಒಂದೊಂದ್ಸಲ ಹಸಿರು ಸೇರಿಸಿ ನಾಲ್ಕೈದು ಶೇಡ್ ಮಾಡ್ಕೊಳ್ಳಿ, ಮದರಸಾದಲ್ಲಿ ಹತ್ರ ಹೋಗಿ ನೋಡಿದ್ರೆ ಪಕ್ಕಪಕ್ಕದ ಟೈಲ್ಸೇ ಒಂದರ ಹಾಗೆ ಒಂದಿಲ್ಲ. ಒಣಗಿದ್ಮೇಲೆ ಹೊಳಪಿನ (ಗ್ಲಾಸಿ) ವಾರ್ನಿಶ್ ಕೊಟ್ಟು ತೆಳು ಪಟ್ಟಿ ಮಾಡಿ, ಓರೆಯಾಗಿ ಕತ್ತರಿಸಿ, ಮಿನಾರ್ ಸುತ್ತ ಇರೋ ಅಂಕುಡೊಂಕು ಪಟ್ಟೆ ಥರ ಜೋಡಿಸ್ತಾ ಹೋಗಿ. ತುಂಡು ತುಂಡಿನ ನಡುವೆ ಒಂದು ಎಂಎಂ ಬಿಟ್ರೆ ಕೆಳಗಿನ ಕೆಂಪು ಮಣ್ಣು ಇಣುಕತ್ತೆ. ಮತ್ತೆ ಪೂರ್ತಿ ಮುಚ್ಚಬೇಡಿ. ಮೂಲದಲ್ಲೇ ಎಷ್ಟೋ ಕಡೆ ಟೈಲ್ಸ್ ಉದುರಿ ಹೋಗಿದೆ, ಅದನ್ನ ಹೊಸದರ ಹಾಗೆ ತೋರಿಸಿದ್ರೆ ಅಲ್ಲಿಗೆ ಹೋದ ಟೂರಿಸ್ಟ್‌ಗೆ ಸುಳ್ಳು ಹೇಳಿದ ಹಾಗಾಗತ್ತೆ. ನಾನು ಮೇಲ್ಗಡೆ ಒತ್ತೊತ್ತಾಗಿ, ಕೆಳಗೆ ಬರ್ತಾ ಬರ್ತಾ ವಿರಳ ಮಾಡಿದೆ, ಬುಡದಲ್ಲಿ ಬರೀ ಮಣ್ಣು.

ಫೋಟೋ ಬೇಕೇ ಬೇಕು ಅಂದ್ರೆ ಟ್ರಾನ್ಸ್‌ಫರ್ ಮಾಡಿ. ಲೇಸರ್ ಪ್ರಿಂಟ್ ಇಲ್ಲಾ ಝೆರಾಕ್ಸ್ ಆಗಿರ್ಬೇಕು, ಇಂಕ್‌ಜೆಟ್ ಕದಡಿ ಹೋಗತ್ತೆ. ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಪ್ರಿಂಟ್ ಹಾಕ್ಸಿ, ಜೆಲ್ ಮೀಡಿಯಂ (ಅಕ್ರಿಲಿಕ್ ಅಂಟಿನ ಥರದ್ದು) ಬಳಿದು ಮುಖ ಕೆಳಗೆ ಮಾಡಿ ಅಂಟಿಸಿ, ಒಂದು ರಾತ್ರಿ ಬಿಟ್ಟು, ಒದ್ದೆ ಬೆರಳಲ್ಲಿ ಹಿಂದಿನ ಕಾಗದ ಮೆಲ್ಲಗೆ ಉಜ್ಜಿ ತೆಗೀರಿ, ಇಂಕು ಮಾತ್ರ ಉಳ್ಕೊಳ್ಳತ್ತೆ. ನಾನು ಚೌಬಾರಾ ಬೀದಿಯ ಒಂದು ಫೋಟೋನ ಕೆಳಗಿನ ಮಣ್ಣಿನ ಪಟ್ಟಿ ಮೇಲೆ ಹೀಗೆ ಇಳಿಸಿದೆ, ಕೆಂಪಿನ ಮೇಲೆ ಮಸುಕಾಗಿ ಆಟೋ, ಅಂಗಡಿ ಬೋರ್ಡು, ಜನ ಕಾಣ್ತಾರೆ. ಬಸ್ ಟಿಕೆಟ್ ಅಂಟಿಸೋರಿಗೆ ಒಂದು ಮಾತು, ಮಷಿನ್ ಟಿಕೆಟ್ ಥರ್ಮಲ್ ಪೇಪರ್, ಅಕ್ಷರ ಕೆಲವೇ ತಿಂಗಳಲ್ಲಿ ಮಾಯ, ಝೆರಾಕ್ಸ್ ಮಾಡ್ಸಿ ಅದನ್ನ ಅಂಟಿಸಿ.

ಅಕ್ಷರ

ದೊಡ್ಡದಾಗಿ ಬೀದರ್, ಕೆಳಗೆ ಒಂದೇ ಸಾಲು, ಅಷ್ಟೇ. ಹೈದರಾಬಾದಿಂದ ಎಷ್ಟು ದೂರ, ನವೆಂಬರಿಂದ ಫೆಬ್ರವರಿ ಒಳ್ಳೆ ಸಮಯ ಅನ್ನೋದು ತೀರಾ ಕೆಳಗೆ ಚಿಕ್ಕದಾಗಿ. ಹೆಸರನ್ನ ಕೈಯಿಂದ ಕತ್ತರಿಸಿ ಮಾಡಿ, ಸಣ್ಣ ಅಕ್ಷರ ಪ್ರಿಂಟ್ ತಗೊಂಡು ಟ್ರಾನ್ಸ್‌ಫರ್ ಮಾಡಿದ್ರೆ ನೀಟಾಗಿರತ್ತೆ. ಫ್ರೀ ಫಾಂಟ್ ಬೇಕಂದ್ರೆ ಅನೇಕ್ ಕನ್ನಡ, ಬಾಲೂ ತಮ್ಮ, ನೋಟೋ ಸೆರಿಫ್ ಕನ್ನಡ ಇವೆ, ಮೂರೂ ಯೂನಿಕೋಡ್. ಇಲಸ್ಟ್ರೇಟರ್‌ನಲ್ಲಿ ಟೈಪ್ ಸೆಟ್ಟಿಂಗ್ಸ್ ಒಳಗೆ ಇಂಡಿಕ್ ಆಪ್ಷನ್ಸ್ ಆನ್ ಮಾಡದಿದ್ರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಹೋಗಿ ಕೂರತ್ತೆ, ಮತ್ತೆ ಪ್ರಿಂಟ್ ಅಂಗಡಿಗೆ ಫೈಲ್ ಕೊಡೋ ಮೊದಲು ಅಕ್ಷರನೆಲ್ಲ ಔಟ್‌ಲೈನ್ ಮಾಡಿ, ಅವರ ಸಿಸ್ಟಮ್‌ನಲ್ಲಿ ನಿಮ್ಮ ಫಾಂಟ್ ಇರಲ್ಲ. ಸಾಲುಗಳ ನಡುವೆ ಇಂಗ್ಲಿಷ್‌ಗೆ ಬಿಡೋದಕ್ಕಿಂತ ಜಾಸ್ತಿ ಜಾಗ ಬಿಡಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿದ್ರೆ ಎರಡೂ ಓದೋಕಾಗಲ್ಲ. ಎಲ್ಲ ಆದ್ಮೇಲೆ ಮೂರು ಮೀಟರ್ ದೂರ ನಿಂತು ನೋಡಿ, ಫೋನಲ್ಲಿ ಫೋಟೋ ತೆಗೆದು ಚಿಕ್ಕದು ಮಾಡಿನೂ ನೋಡಿ.

ಸಾಫ್ಟ್ ಕಾಪಿ ಬೇಕಂದ್ರೆ ಸ್ಕ್ಯಾನರ್ ನಂಬಬೇಡಿ, ಅದರ ಬೆಳಕಿಗೆ ಫಾಯಿಲ್ ಕಪ್ಪಾಗಿ ಬರತ್ತೆ, ಬಳ್ಳಿನೇ ಕಾಣಲ್ಲ. ನೇರ ಬಿಸಿಲಿಲ್ಲದ ಕಿಟಕಿ ಪಕ್ಕ ಗೋಡೆಗೆ ಒರಗಿಸಿ, ಎದುರು ಬದಿಗೆ ಬಿಳಿ ಥರ್ಮಾಕೋಲ್ ಹಿಡಿದು, ಫೋನನ್ನ ಪೋಸ್ಟರ್‌ಗೆ ಸಮವಾಗಿ ಇಟ್ಟು, ಸ್ವಲ್ಪ ದೂರದಿಂದ 2ಎಕ್ಸ್‌ನಲ್ಲಿ ತೆಗೀರಿ, ಹತ್ರದಿಂದ ವೈಡ್‌ನಲ್ಲಿ ತೆಗೆದ್ರೆ ಮಿನಾರ್ ಬಾಗತ್ತೆ. ಎ2 ಪ್ರಿಂಟ್‌ಗೆ 300 ಡಿಪಿಐ ಅಂದ್ರೆ 4961 × 7016 ಪಿಕ್ಸೆಲ್ ಬೇಕಾಗತ್ತೆ, ಗೋಡೆ ಮೇಲೆ ದೂರದಿಂದ ನೋಡೋದಕ್ಕೆ 150 ಡಿಪಿಐ ಆದ್ರೂ ನಡೆಯತ್ತೆ. ಪ್ರಿಂಟಲ್ಲಿ ಬೆಳ್ಳಿ ಬರೀ ಬೂದಿ ಬಣ್ಣ ಆಗತ್ತೆ ಅನ್ನೋದು ಗೊತ್ತಿರ್ಲಿ, ಅದಕ್ಕೆ ಮೂಲ ಪೋಸ್ಟರ್‌ನೇ ಡಿಸ್‌ಪ್ಲೇಗೆ ಇಡಿ.

ರಿಫ್ಲೆಕ್ಷನ್ ಬರೆಯೋದು

ಇದನ್ನ ಸಬ್‌ಮಿಷನ್ ಹಿಂದಿನ ರಾತ್ರಿಗೆ ಇಟ್ಕೊಳ್ಬೇಡಿ. ಕೆಲಸ ಮಾಡ್ತಿರೋವಾಗ್ಲೇ ಪ್ರತಿ ಹಂತಕ್ಕೂ ಒಂದು ಫೋಟೋ, ಅದರ ಕೆಳಗೆ ಎರಡು ಸಾಲು, ಏನು ಬದಲಾಯಿಸಿದೆ, ಯಾಕೆ ಅಂತ. "ಈ ಪ್ರಾಜೆಕ್ಟಿಂದ ತುಂಬಾ ಕಲಿತೆ, ನಮ್ಮ ಸಂಸ್ಕೃತಿ ಶ್ರೀಮಂತವಾಗಿದೆ" ಅಂತ ಬರೆದ್ರೆ ಅದು ಯಾವ ಊರಿನ ಪೋಸ್ಟರ್‌ಗೂ ಆಗತ್ತೆ. ಅದರ ಬದ್ಲು ನಾನು ಬರೆದಿದ್ದು ಇಂಥ ಸಾಲುಗಳು: "ನೀಲಿ ಬಣ್ಣ ಮಿನಾರ್ ಬಿಟ್ಟು ಬೇರೆಲ್ಲೂ ಇಟ್ಟಿಲ್ಲ, ಯಾಕಂದ್ರೆ ಕೆಂಪು ಮಣ್ಣಿನ ಊರಲ್ಲಿ ಪರ್ಶಿಯನ್ ಶೈಲಿಯ ಆ ಟೈಲ್ಸ್ ಮೊದಲ ಸಲ ಕಂಡಾಗ ಆಗೋ ಅಚ್ಚರಿ ನೋಡೋರಿಗೂ ಆಗ್ಲಿ ಅಂತ." "ಬೆಳ್ಳಿಯನ್ನ ಕಪ್ಪಿನ ಒಳಗೆ ಕೂರಿಸಿದ್ದು ಬಿದ್ರಿಯ ವಿಧಾನ, ಬರೀ ಬಣ್ಣ ಅಲ್ಲ ವಿಧಾನಾನೂ ತರಬೇಕು ಅನ್ನಿಸ್ತು." "ಗುರುನಾನಕ್ ಝೀರಾ ಮತ್ತು ಅಷ್ಟೂರು ಬಿಟ್ಟಿದ್ದೀನಿ, ಅವು ಭಕ್ತಿಯ ಜಾಗಗಳು, ಈ ಪೋಸ್ಟರ್ ಕೈಕೆಲಸದ್ದು." ಬಿಟ್ಟಿದ್ದರ ಬಗ್ಗೆ ಬರೆಯೋದು ಅಂತೂ ತಪ್ಪಿಸಲೇಬೇಡಿ, ವೈವಾದಲ್ಲಿ (ಮೌಖಿಕ ಪರೀಕ್ಷೇಲಿ) ಕೇಳೋ ಅರ್ಧ ಪ್ರಶ್ನೆ ಅದ್ರ ಬಗ್ಗೆನೇ ಇರತ್ತೆ. ಕುಶಲಕರ್ಮಿಗಳ ಹತ್ರ ಮಾತಾಡಿದ್ರೆ ಅದನ್ನೂ ಬರೀರಿ, ಅವರ ಹೆಸರು ಹಾಕೋದಾದ್ರೆ ಮೊದಲು ಕೇಳಿ. ಅವರದ್ದೇ ಡಿಸೈನ್ ನೋಡಿ ಬಿಡಿಸಿದ್ರೆ ಅದನ್ನ ಮುಚ್ಚಿಡಬೇಡಿ, ನನ್ನ ಬಳ್ಳಿ ಒಂದು ಹೂಜಿ ಮೇಲೆ ಕಂಡಿದ್ದರಿಂದ ಬಂದಿದ್ದು ಅಂತ ನಾನು ಬರೆದೇ ಕೊಟ್ಟಿದ್ದೀನಿ.

ಕೊನೇದಾಗಿ ಸಾಗಿಸೋದು. ಮಣ್ಣಿನ ಭಾಗಕ್ಕೆ ಮ್ಯಾಟ್ ವಾರ್ನಿಶ್ ಸ್ಪ್ರೇ ದೂರದಿಂದ ತೆಳುವಾಗಿ ಹೊಡೀರಿ, ಬ್ರಶ್ ಹಾಕಿದ್ರೆ ಮಣ್ಣು ಎದ್ದು ಟೈಲ್ಸ್ ಮೇಲೆ ಹೋಗತ್ತೆ, ಲೋಹದ ಭಾಗಕ್ಕೆ ವಾರ್ನಿಶ್ ಬೇಡ, ಹೊಳಪು ಹೋಗತ್ತೆ, ಅಷ್ಟು ಜಾಗ ಬಟರ್ ಪೇಪರ್ ಕತ್ತರಿಸಿ ಮುಚ್ಚಿಕೊಳ್ಳಿ. ಪೂರ್ತಿ ಒಣಗೋ ಮೊದಲು ಬಬಲ್ ರಾಪ್ ಸುತ್ತಿದ್ರೆ ಗುಳ್ಳೆ ಗುಳ್ಳೆ ಗುರುತು ಬೀಳತ್ತೆ, ಮೇಲೊಂದು ಬಟರ್ ಪೇಪರ್, ಎರಡೂ ಕಡೆ ರಟ್ಟು, ನಾಲ್ಕು ಮೂಲೆಗೆ ಟೇಪು. ಬಸ್ಸಲ್ಲಿ ಮೇಲಿನ ರ್‍ಯಾಕಲ್ಲಿ ಅಡ್ಡ ಮಲಗಿಸ್ಬೇಡಿ, ಅದರ ಮೇಲೆ ಯಾರಾದ್ರೂ ಬ್ಯಾಗ್ ಇಟ್ಟೇ ಇಡ್ತಾರೆ, ಕಿಟಕಿ ಸೀಟ್ ಹಿಡ್ಕೊಂಡು ಕಾಲ ಹತ್ರ ನೆಟ್ಟಗೆ ನಿಲ್ಲಿಸ್ಕೊಳ್ಳಿ.